ಇಂಟರೆಸ್ಟ್ ಅಂದ್ರೆ ಆಸಕ್ತಿ ಅಂದುಕೊಂಡಿದ್ದೆವು

ನಾವು ಅಕ್ಕ-ತಂಗಿ ಇಬ್ಬರೂ ಪಿಯುಸಿ ಓದುತ್ತಿದ್ದಾಗಿನ ಮಾತು. ನಮ್ಮ ಫೀಸು, ಹಾಸ್ಟೆಲ್ ಖರ್ಚಿಗೆ ಅಂತ ಅಪ್ಪ, ಅವ್ವನ ಎರಡು ಬಳೆ ಅಡವಿಟ್ಟು 40,000 ರೂಪಾಯಿ ಸಾಲ ತಂದಿದ್ದರು. ರಜಕ್ಕೆ ಊರಿಗೆ ಹೋಗಿದ್ದಾಗ ಒಂದು ಸಂಜೆ ಫೋನ್ ಹಿಡಿದುಕೊಂಡು ಬಂದು, "ಇದೇನ್ ಬಂದದೆ ನೋಡ್ರವ್ವ" ಅಂದರು.

ಇಂಗ್ಲಿಷ್ ಮೆಸೇಜು. ಗೋಲ್ಡ್ ಲೋನ್, ಇಂಟರೆಸ್ಟ್, ಡ್ಯೂ ಅನ್ನುವ ಪದಗಳು ಕಂಡವು. ಇಂಟರೆಸ್ಟ್ ಅಂದರೆ ಆಸಕ್ತಿ ಅಂತ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆವು. "ಚಿನ್ನದ ಸಾಲದಲ್ಲಿ ಆಸಕ್ತಿ ಇದ್ಯಾ ಅಂತ ಕೇಳ್ತಾವ್ರೆ ಅಪ್ಪ, ಜಾಹೀರಾತು. ಬಿಡಿ" ಅಂದೆವು. ಆಮೇಲೆ ಬಂದ ಮೆಸೇಜುಗಳನ್ನು ಅಪ್ಪ ನಮಗೆ ತೋರಿಸಲೇ ಇಲ್ಲ. ಮಕ್ಕಳು ಓದಿದವರು, ಹೇಳಿದ ಮೇಲೆ ಮುಗಿಯಿತು.

ಕೊನೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಬಂತು. ಬಾಕಿ ಕಟ್ಟದಿದ್ದರೆ ಒಡವೆ ಹರಾಜು ಅಂತ. ಅಪ್ಪ ಕೊಟ್ಟಿಗೆಯಲ್ಲಿದ್ದ ಕಡಸು ಮಾರಿ ಬಳೆ ಬಿಡಿಸಿಕೊಂಡು ಬಂದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ನಾಚಿಕೆಯ ವಿಷಯ ಇನ್ನೊಂದಿದೆ. ಕನ್ನಡ ಮೀಡಿಯಂನಲ್ಲಿ ಸರಳಬಡ್ಡಿ ಲೆಕ್ಕ ಎಷ್ಟೋ ಮಾಡಿದ್ದೆವು. ಅಸಲು, ದರ, ಅವಧಿ ಗುಣಿಸಿ ನೂರರಿಂದ ಭಾಗಿಸುವುದು ನಿದ್ದೆಯಲ್ಲೂ ಬರುತ್ತಿತ್ತು. ಆ ಬಡ್ಡಿಯೇ ಇಂಗ್ಲಿಷಿನಲ್ಲಿ ಇಂಟರೆಸ್ಟ್ ಅಂತ ಗೊತ್ತಿರಲಿಲ್ಲ.

ಈ ಪದ ಲ್ಯಾಟಿನ್ನಿನಿಂದ ಬಂದದ್ದು. ಮೂಲದಲ್ಲಿ 'ನಡುವೆ ಇರುವುದು' ಅಂತ ಅರ್ಥ. ಒಂದು ವಿಷಯಕ್ಕೂ ನಮಗೂ ನಡುವೆ ಏನೋ ಸಂಬಂಧ ಇದೆ ಅಂತ ಇಟ್ಟುಕೊಳ್ಳಿ. ಅದು ಮನಸ್ಸಿನದಾದರೆ ಆಸಕ್ತಿ, ಸಾಲದ್ದಾದರೆ ಬಡ್ಡಿ, ಒಳಿತಿನದಾದರೆ ಹಿತ, ಆಸ್ತಿಯದಾದರೆ ಹಕ್ಕು. ಯಾವುದು ಅಂತ ತಿಳಿಯಲು ಅಕ್ಕಪಕ್ಕದ ಪದ ನೋಡಬೇಕು.

'ಇಂಟರೆಸ್ಟ್ ಇನ್ ಮ್ಯೂಸಿಕ್' ಅಂದರೆ ಸಂಗೀತದಲ್ಲಿ ಆಸಕ್ತಿ. 'ಇಂಟರೆಸ್ಟ್ ಆನ್ ಲೋನ್' ಅಂದರೆ ಸಾಲದ ಮೇಲಿನ ಬಡ್ಡಿ. ಹತ್ತಿರದಲ್ಲಿ ರೇಟ್, ಪೇ, ಡ್ಯೂ ಇದ್ದರೆ ಅದು ಬಡ್ಡಿಯೇ. ಡ್ಯೂ ಅಂದರೆ ಕಟ್ಟಬೇಕಾದ ಬಾಕಿ. 'ಪಬ್ಲಿಕ್ ಇಂಟರೆಸ್ಟ್' ಅಂದರೆ ಸಾರ್ವಜನಿಕರ ಹಿತ. ಜಮೀನಿನ ಪತ್ರದಲ್ಲಿ 'ರೈಟ್, ಟೈಟಲ್ ಅಂಡ್ ಇಂಟರೆಸ್ಟ್' ಅಂತ ಬರೆದಿದ್ದರೆ ಅದು ಹಕ್ಕಿನ ಮಾತು. ಅದಕ್ಕೆ ಸಹಿ ಹಾಕುವ ಮುಂಚೆ ತಿಳಿದವರಿಂದ ಪೂರ್ತಿ ಓದಿಸಿಕೊಳ್ಳಿ. ಬರೆಯುವಾಗ ಒಂದು ನೆನಪಿರಲಿ: ಆಸಕ್ತಿಗಳು ಹಲವಿದ್ದರೆ 'ಇಂಟರೆಸ್ಟ್ಸ್' ಅನ್ನಬಹುದು, ಬಡ್ಡಿಗೆ ಮಾತ್ರ ಹಾಗೆ ಬಹುವಚನ ಮಾಡುವುದಿಲ್ಲ.

ಸಾಲದ ಚೀಟಿಯಲ್ಲಿ ದರದ ಪಕ್ಕ 'ಪರ್ ಆನಮ್' ಅಂತ ಇರುತ್ತದೆ, ಇಲ್ಲವೇ ಚಿಕ್ಕದಾಗಿ 'ಪಿ.ಎ.' ಅಂತ. ವರ್ಷಕ್ಕೆ ಅಂತ ಅರ್ಥ. ಊರಲ್ಲಿ ನಾವು ಹೇಳುವುದು ತಿಂಗಳ ಲೆಕ್ಕ. ನೂರಕ್ಕೆ ಎರಡು ರೂಪಾಯಿ ಅಂದರೆ ವರ್ಷಕ್ಕೆ ಶೇಕಡಾ 24. ಹಾಗೆ 40,000 ರೂಪಾಯಿಗೆ ವರ್ಷಕ್ಕೆ 9,600 ಆಗುತ್ತದೆ. ವರ್ಷಕ್ಕೆ ಶೇಕಡಾ 9 ಆದರೆ 3,600. ಎರಡು ಅಂಕಿ ಹೋಲಿಸುವ ಮುಂಚೆ ತಿಂಗಳದ್ದೋ ವರ್ಷದ್ದೋ ಕೇಳಿಕೊಳ್ಳಿ.

ನಿಮ್ಮ ಮನೆಯಲ್ಲೂ ದೊಡ್ಡವರು ಫೋನ್ ತಂದು ತೋರಿಸುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಮೇಷ್ಟ್ರನ್ನೋ ಬ್ಯಾಂಕಿನವರನ್ನೋ ಕೇಳಿ. ನಾವು ಆ ದಿನ ಗೊತ್ತಿಲ್ಲ ಅಂದಿದ್ದರೆ ಅಪ್ಪ ಮಾರನೇ ದಿನವೇ ಹೋಗಿ ವಿಚಾರಿಸುತ್ತಿದ್ದರು.

ಬಳೆ ಈಗ ಅವ್ವನ ಕೈಯಲ್ಲಿವೆ. ಆ ಮೆಸೇಜಿನಲ್ಲಿ ನಿಜವಾಗಿ ಏನಿತ್ತು ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಈ ಸಲ ಊರಿಗೆ ಹೋದಾಗ ಇದನ್ನು ಅವರಿಗೆ ಓದಿ ಹೇಳುತ್ತೇವೆ.