ಮಹಾಬಯಲಿನ ಪುಟ್ಟ ಕೋಣೆ

ನಮ್ಮ ಹಿರಿಯರು ದೇಹಬಾಧೆ ತೀರಿಸಿಕೊಳ್ಳಲು ಹೊರಟಾಗ ‘ಬಯಲಕಡೆ ಹೋಗಿಬರುತ್ತೇನೆ’ ಎನ್ನುತ್ತಿದ್ದರು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಎತ್ತ ನೋಡಿದರೂ ಬಯಲೇ ಆಗಿರುವ ಆಕಾಶದಲ್ಲಿ ವಾಸಿಸುವವರಿಗಾದರೋ ಆ ಸ್ವಾತಂತ್ರ್ಯವಿಲ್ಲ. ಅವರಿಗೆ ಗತಿಯೆಂದರೆ ಒಬ್ಬರು ನಿಲ್ಲಬಹುದಾದಷ್ಟೇ ಇಕ್ಕಟ್ಟಾದ ಒಂದು ಕೋಣೆ.

ಆ ಕೋಣೆ ಇರುವುದು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ. ಸುಮಾರು 90 ನಿಮಿಷಗಳಿಗೊಮ್ಮೆ ಭೂಪ್ರದಕ್ಷಿಣೆ ಮಾಡುವ ಈ ಮನೆಯಲ್ಲಿ 2000ದ ನವೆಂಬರಿನಿಂದ ಮನುಷ್ಯರು ಎಡೆಬಿಡದೆ ವಾಸಿಸುತ್ತಿದ್ದಾರೆ. ಮನೆಯೂ ಮನೆಯವರೂ ಒಂದೇ ವೇಗದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಅಲ್ಲಿ ಯಾವ ವಸ್ತುವಿಗೂ ತೂಕ ತೋರದು. ಚೆಲ್ಲಿದ ನೀರು ನೆಲಕ್ಕೆ ಬೀಳದೆ ಗುಂಡಾಗಿ ತೇಲುತ್ತದೆ. ನೀರಿಗಾದ ಗತಿಯೇ ಮಲಮೂತ್ರಗಳಿಗೂ ಆದರೆ? ಸಮಸ್ಯೆಯೆಲ್ಲ ಇರುವುದು ಇಲ್ಲಿಯೇ.

ಮೊದಮೊದಲು ವಿಜ್ಞಾನಿಗಳು ಇದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. 1961ರ ಮೇ 5ರಂದು ಹಾರಿದ ಅಮೆರಿಕದ ಅಲನ್ ಶೆಪರ್ಡರ ಪಯಣ ಕೇವಲ 15 ನಿಮಿಷಗಳದು. ಅಷ್ಟಕ್ಕೆ ಏರ್ಪಾಟು ಏತಕ್ಕೆಂದು ಬಿಟ್ಟಿದ್ದರು. ಹೊರಡುವುದು ಗಂಟೆಗಟ್ಟಲೆ ತಡವಾಗಿ, ಆ ವೀರ ಉಡುಪಿನಲ್ಲಿಯೇ ಮೂತ್ರ ವಿಸರ್ಜಿಸಬೇಕಾಯಿತು. ಮುಂದೆ ಚಂದ್ರನತ್ತ ಹೋದ ಅಪೋಲೋ ಯಾತ್ರಿಗಳು ಮೈಗೆ ಅಂಟಿಸಿಕೊಳ್ಳುವ ಚೀಲಗಳನ್ನು ಬಳಸಿದರು. 1969ರಲ್ಲಿ ಅಪೋಲೋ 10 ನೌಕೆಯೊಳಗೆ ಅನಾಥ ತುಣುಕೊಂದು ತೇಲಿಬರಲು, ‘ನನ್ನದಲ್ಲ, ನನ್ನದಲ್ಲ’ ಎಂದು ಮೂವರೂ ವಾದಿಸಿದ್ದು ಅಧಿಕೃತ ದಾಖಲೆಯಲ್ಲಿಯೇ ಉಳಿದಿದೆ.

ಈಗಿನ ವ್ಯವಸ್ಥೆಯಲ್ಲಿ ಭೂಮಿಯ ಸೆಳೆತದ ಕೆಲಸವನ್ನು ಗಾಳಿ ಮಾಡುತ್ತದೆ. ಯಾತ್ರಿಯು ಕಾಲುಗಳನ್ನು ಪಟ್ಟಿಗೆ ಸಿಕ್ಕಿಸಿ, ಹಿಡಿಯನ್ನು ಹಿಡಿದು, ಮೊದಲು ಗಾಳಿಯ ಯಂತ್ರವನ್ನು ನಡೆಸಬೇಕು. ಮೂತ್ರಕ್ಕೆ ಆಲಿಕೆಯುಳ್ಳ ಕೊಳವೆ. ಮಲಕ್ಕೆ ಕಿರಿದಾದ ಬಾಯಿಯ ಪೀಠ, ಅದರೊಳಗೊಂದು ಚೀಲ. ಎರಡನ್ನೂ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಂದೆ ಷಟಲ್ ನೌಕೆಯ ಯಾತ್ರಿಗಳು ಹೂಸ್ಟನ್ನಿನಲ್ಲಿ, ಪೀಠದ ಕೆಳಗಿರಿಸಿದ ಕ್ಯಾಮೆರಾದ ಚಿತ್ರವನ್ನು ನೋಡುತ್ತ, ಸರಿಯಾಗಿ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದರು. ಘನವಿದ್ವಾಂಸರೂ ಶೂರ ವಿಮಾನಿಗಳೂ ಎಳೆಯ ಮಕ್ಕಳ ಪಾಠವನ್ನು ಮತ್ತೆ ಕಲಿತರೆಂದಾಯಿತು!

ಬಿಗಿದು ಕಟ್ಟಿದ ಚೀಲಗಳು ಡಬ್ಬಿಯಲ್ಲಿ ತುಂಬಿದ ಬಳಿಕ ಕಸದೊಡನೆ ಸರಕುನೌಕೆಯನ್ನು ಸೇರುತ್ತವೆ. ಆ ನೌಕೆ ವಾಯುಮಂಡಲದಲ್ಲಿ ಉರಿದುಹೋಗುತ್ತದೆ. ಉಲ್ಕೆಯೆಂದು ಬೆರಗಾಗಿ ನೋಡಿದ ಬೆಳಕು ಯಾವುದಾಗಿತ್ತೋ ಯಾರು ಬಲ್ಲರು!

ಮೂತ್ರವನ್ನು ಮಾತ್ರ ಎಸೆಯುವುದಿಲ್ಲ. ಬೆವರು, ಉಸಿರಿನ ತೇವಗಳೊಡನೆ ಅದನ್ನೂ ಶೋಧಿಸಿ ಮತ್ತೆ ಕುಡಿಯುವ ನೀರಾಗಿಸುತ್ತಾರೆ. ಪ್ರತಿಯೊಂದು ಹನಿಯನ್ನೂ ರಾಕೆಟ್ಟಿನಲ್ಲಿ ಹೊತ್ತುತರಬೇಕಾದ ಊರಿನಲ್ಲಿ ಬೇರೆ ದಾರಿಯಿಲ್ಲ. ನಿಲ್ದಾಣದ ನೀರಿನಲ್ಲಿ ನೂರಕ್ಕೆ 98 ಭಾಗವನ್ನು ಮರಳಿ ಪಡೆಯಲು ಸಾಧ್ಯವಾಯಿತೆಂದು 2023ರಲ್ಲಿ ನಾಸಾ ಪ್ರಕಟಿಸಿತು. 2025ರಲ್ಲಿ ಅಲ್ಲಿಗೆ ಹೋದ ಮೊದಲ ಭಾರತೀಯ ಶುಭಾಂಶು ಶುಕ್ಲಾ ಈ ಮನೆಯಲ್ಲಿ ಸುಮಾರು 18 ದಿನ ಅತಿಥಿಯಾಗಿದ್ದರು.

‘ಶಿವ ಶಿವ’ ಎಂದು ಮಡಿವಂತರು ಮೂಗು ಮುಚ್ಚಿಕೊಂಡಾರು. ಆದರೆ ನಮ್ಮ ಕೊಡದ ನೀರಿನ ಪೂರ್ವೋತ್ತರವನ್ನು ವಿಚಾರಿಸಿದವರಾರು? ಚರಂಡಿಯ ನೀರನ್ನೂ ಸಮುದ್ರದ ನೀರನ್ನೂ ಸೂರ್ಯನು ಭೇದವೆಣಿಸದೆ ಆವಿಯಾಗಿಸಿ, ಮಳೆಯಾಗಿ ಕೊಡುತ್ತಾನೆ. ಅವನು ಮಾಡುವುದನ್ನೇ ಅಲ್ಲಿ ಪುಟ್ಟ ಯಂತ್ರವೊಂದು ಮಾಡುತ್ತದೆ. ಭೇದವಿಷ್ಟೆ: ತಮ್ಮ ಲೋಟದ ನೀರು ಎಲ್ಲಿಂದ ಬಂದಿತೆಂಬುದನ್ನು ಆ ಮನೆಯವರು ಬಲ್ಲರು; ನದಿಗೆ ಚರಂಡಿಯನ್ನು ಬಿಟ್ಟು, ನಲ್ಲಿ ತಿರುಗಿಸಿ ಕುಡಿಯುವ ನಾವು ಮರೆತಿದ್ದೇವೆ.