ವಾಕರನ ಕಾಲು

ಲಂಡನ್ನಿನಿಂದ ಬಂದ ನಮ್ಮ ಷಡ್ಡಕರು ಜಾನಿ ವಾಕರ್ ಬಾಟಲಿ ತಂದಿದ್ದರು. ನಾನು ಕುಡಿಯುವವನಲ್ಲ (ಈ ಮಾತನ್ನು ಹೆಂಡತಿಯ ಎದುರಿಗೇ ಹೇಳಬಲ್ಲೆ), ಹಾಗಾಗಿ ಅದರ ಮೇಲಿನ ಚಿತ್ರ ನೋಡುತ್ತ ಕೂತೆ. ಎತ್ತರದ ಟೋಪಿ, ಮಿರಮಿರ ಬೂಟು, ಕೈಯಲ್ಲಿ ಬೆತ್ತ. ದಾಪುಗಾಲು ಹಾಕುತ್ತ ಹೊರಟಿದ್ದಾನೆ ಮಹಾರಾಯ.

"ವಾಕರ್ ಅಂದರೆ ವಾಕಿಂಗ್ ಹೋಗುವವನು ತಾನೆ?" ಅಂದರು ಷಡ್ಡಕರು.

1908ರಲ್ಲಿ ಈ ಚಿತ್ರ ಬರೆದ ಟಾಮ್ ಬ್ರೌನ್ ಕೂಡ ಹಾಗೇ ಬರೆದ. ಆದರೆ ಈ ಮನೆತನದ ಹೆಸರಿನ ಮೂಲಪುರುಷನಿಗೆ ಬೂಟಿರಲಿಲ್ಲ. ಅವನು ಬರಿಗಾಲಲ್ಲಿ ಹಳಸಿದ ಉಚ್ಚೆಯ ತೊಟ್ಟಿಯಲ್ಲಿ ನಿಂತವನು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳು, ಜಿಡ್ಡುಜಿಡ್ಡು. ಅದನ್ನು ತೊಟ್ಟಿಗೆ ಹಾಕಿ, ಒಂದು ಬಗೆಯ ಜೇಡಿಮಣ್ಣು ಬೆರೆಸಿ, ಮನೆಮನೆಯಿಂದ ಕೂಡಿಸಿ ಹುಳಿಯಲು ಬಿಟ್ಟ ಉಚ್ಚೆ ಸುರಿದು, ಗಂಟೆಗಟ್ಟಲೆ ತುಳಿಯಬೇಕು. ಅದರ ಅಮೋನಿಯ ಜಿಡ್ಡು ಬಿಡಿಸುತ್ತದೆ. ತುಳಿದಂತೆಲ್ಲ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಚಳಿಮಳೆಗೆ ಆಗಿಬರುತ್ತದೆ. ಇಂಗ್ಲೆಂಡಿನ ಶ್ರೀಮಂತಿಕೆಯೇ ಉಣ್ಣೆಯ ಮೇಲೆ ನಿಂತಿದ್ದ ಕಾಲ. ಅಂದರೆ ಈ ಕಾಲುಗಳ ಮೇಲೆ.

ಕೆಲಸ ಒಂದೇ, ನಾತವೂ ಒಂದೇ, ಹೆಸರು ಮಾತ್ರ ಮೂರು. ಯಾರ್ಕ್‌ಶೈರ್ ಕಡೆಯ ಉತ್ತರದವರು ಹೀಗೆ ತುಳಿಯುವವನನ್ನು ವಾಕರ್ ಅಂದರು, ಆಗ್ನೇಯದವರು ಫುಲ್ಲರ್ ಅಂದರು, ಡೆವನ್ ಕಡೆಯವರು ಟಕರ್ ಅಂದರು. ಎಕ್ಸಿಟರ್ ಊರಿನಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇವತ್ತಿಗೂ ನಿಂತಿದೆ. ಅಡ್ಡಹೆಸರು ಕೇಳಿದರೆ ಸಾಕು, ಮುತ್ತಜ್ಜ ಯಾವ ಸೀಮೆಯ ತೊಟ್ಟಿಗೆ ಇಳಿದಿದ್ದ ಅಂತ ಅಂದಾಜು ಕಟ್ಟಬಹುದು. ಫುಲ್ಲರ್‌ಗಳಿಗೂ ಟಕರ್‌ಗಳಿಗೂ ಒಂದು ಅನುಕೂಲ: ಅವರ ಹೆಸರು ಕೇಳಿ ಯಾರೂ ಕಾಲು ನೋಡುವುದಿಲ್ಲ.

ತಮಾಷೆಯೆಂದರೆ 12ನೇ ಶತಮಾನದ ಹೊತ್ತಿಗೇ ಇಂಗ್ಲೆಂಡಿನಲ್ಲಿ ನೀರಿನ ಚಕ್ರದ ಗಿರಣಿಗಳು ಬಂದಿದ್ದವು. ಮರದ ಕೊಡತಿಗಳು ದಬದಬ ಬಟ್ಟೆ ಕುಟ್ಟುತ್ತಿದ್ದವು. ಅಪ್ಪನ ಹೆಸರು ಮಗನಿಗೆ ಅಂಟುವ ರೂಢಿ ಊರೂರಲ್ಲಿ ಬೇರೂರುವಷ್ಟರಲ್ಲಿ ಎಷ್ಟೋ ವಾಕರ್‌ಗಳು ತೊಟ್ಟಿಯಿಂದ ಕಾಲು ತೆಗೆದಿದ್ದರು. ತುಳಿಯುವ ಕೆಲಸ ಹಳ್ಳದ ನೀರಿಗೆ, ತುಳಿಯುವವನೆಂಬ ಹೆಸರು ಇವರಿಗೆ!

ಇನ್ನು ಈ ಬಾಟಲಿಗೆ ಹೆಸರು ಕೊಟ್ಟವನು: 1820ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ ಅಂಗಡಿ ತೆರೆದ ಜಾನ್ ವಾಕರ್ ಮಾರಿದ್ದು ದಿನಸಿ. ವಿಸ್ಕಿಯ ಖ್ಯಾತಿ ಬಂದದ್ದು ಆಮೇಲೆ.

ಇಷ್ಟು ಹೇಳಿ ನಾನು ತಿರುಗಿ ನೋಡಿದೆ. ಷಡ್ಡಕರು ತುಟಿಯವರೆಗೆ ತಂದಿದ್ದ ಲೋಟದಲ್ಲಿನ ಹೊಂಬಣ್ಣವನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಮೆಲ್ಲಗೆ ಟೀಪಾಯಿಯ ಮೇಲಿಟ್ಟರು.

"ಇದನ್ನು ನಾಳೆ ಹೇಳಬಹುದಿತ್ತಲ್ಲ, ಭಾವ?"