ಒಗ್ಗರಣೆ ಡಬ್ಬಿ ಮತ್ತು ಚದುರಂಗ

ದಸರೆಗೆಂದು ಶಿವಮೊಗ್ಗದ ರೈಲು ಹತ್ತಿ ತರೀಕೆರೆಗೆ ಬಂದಿಳಿದ ಮಗ ಎರಡು ದಿನವಾದರೂ ಹಳೆಯ ಲ್ಯಾಪ್‌ಟಾಪಿನ ಮುಂದಿನಿಂದ ಏಳಲಿಲ್ಲ. ಕಾಫಿ ಕೊಡುವ ನೆಪದಲ್ಲಿ ಇಣುಕಿದೆ. ಸ್ಟಾಕ್‌ಫಿಶ್ ಎಂಬ ಚದುರಂಗದ ಪ್ರೋಗ್ರಾಮಿನ ವೇಗ ಹೆಚ್ಚಿಸುತ್ತಿದ್ದಾನಂತೆ. 2008ರಲ್ಲಿ ಹೊರಬಂದ, ಯಾರು ಬೇಕಾದರೂ ತೆರೆದು ಓದಬಹುದಾದ ಪ್ರೋಗ್ರಾಂ ಅದು.

"ಹೊಸ ಲ್ಯಾಪ್‌ಟಾಪ್ ಬೇಕೇನೋ?" ಹೆದರುತ್ತಲೇ ಕೇಳಿದೆ.

"ಬೇಡಮ್ಮ. ಯಂತ್ರವೂ ಅದೇ, ಪ್ರೋಗ್ರಾಮೂ ಅದೇ. ಕಂಪೈಲರ್‌ಗೆ ಸ್ವಲ್ಪ ಲೆಕ್ಕ ಕೊಟ್ಟರಾಯಿತು."

ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಯಾವ ಭಾಗ ಕೋಟಿ ಸಲ ನಡೆಯುತ್ತದೆ, ಯಾವುದು ಅಪರೂಪಕ್ಕೊಮ್ಮೆ ಎಂಬುದು ಅದಕ್ಕೆ ತಿಳಿಯದು, ಬರೀ ಊಹೆ. ಅದಕ್ಕಾಗಿ ಮೊದಲು ಕವಲುಕವಲಿಗೂ ಎಣಿಕೆ ಇಡುವ ಪ್ರತಿಯೊಂದನ್ನು ಸಿದ್ಧಮಾಡಿ, ಆಟದ ಹಲವು ಸ್ಥಿತಿಗಳನ್ನು ಕೊಟ್ಟು ಓಡಿಸುತ್ತಾರೆ. ಎಣಿಸುತ್ತ ಓಡುವುದರಿಂದ ಈ ಪ್ರತಿ ನಿಧಾನ. ಆಮೇಲೆ ಆ ಎಣಿಕೆ ನೋಡಿಕೊಂಡು ಕಂಪೈಲರ್ ಎಲ್ಲವನ್ನೂ ಹೊಸದಾಗಿ ತಿರುಗಿಸುತ್ತದೆ. ಪದೇಪದೇ ನಡೆಯುವ ಭಾಗಗಳು ಒಂದರ ಪಕ್ಕ ಒಂದು ಕೂರುತ್ತವೆ, ಅಪರೂಪದವು ದೂರ ಸರಿಯುತ್ತವೆ.

"ನನ್ನ ಅಡುಗೆಮನೆ ಹಾಗೇ ಅಲ್ಲವೇನೋ?" ಎಂದೆ. ಒಗ್ಗರಣೆ ಡಬ್ಬಿ ಒಲೆಯ ಪಕ್ಕ, ಚಕ್ಕುಲಿ ಒರಳು ಅಟ್ಟದ ಮೇಲೆ. ಸಾರಿನ ರುಚಿ ಅದೇ, ಓಡಾಟ ಮಾತ್ರ ಕಡಿಮೆ.

ಮಗ ನಕ್ಕ. ಇಲ್ಲಿಯೂ ಹಾಗೆಯೇ. ಪರೀಕ್ಷೆಯಲ್ಲಿ ಪ್ರೋಗ್ರಾಂ ತಡಕಾಡಿದ ಒಟ್ಟು ಸ್ಥಿತಿಗಳ ಸಂಖ್ಯೆ ಮೊದಲಿಗೂ ಆಮೇಲಿಗೂ ಒಂದೇ ಇರಬೇಕು. ಬದಲಾದರೆ ಎಲ್ಲೋ ತಪ್ಪಾಗಿದೆಯೆಂದೇ ಅರ್ಥ. ತಗ್ಗಬೇಕಾದದ್ದು ಸಮಯವೊಂದೇ. ನಮ್ಮ ಲ್ಯಾಪ್‌ಟಾಪಿನಲ್ಲಿ ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಿತ್ತು.

"ಅಲ್ಲವೋ, ಗೌರಿ ಹಬ್ಬದ ವಾರ ನೋಡಿ ಡಬ್ಬಿ ಜೋಡಿಸಿದರೆ?"

"ಆಗ ಚಕ್ಕುಲಿ ಒರಳು ಒಲೆ ಪಕ್ಕಕ್ಕೆ ಬರುತ್ತೆ! ಅದಕ್ಕೇ ಆಟದ ಆರಂಭ, ನಡು, ಕೊನೆ ಎಲ್ಲ ಬಗೆಯ ಸ್ಥಿತಿಗಳನ್ನೂ ಕೊಡಬೇಕು. ತೋರಿಸಿದ್ದನ್ನಷ್ಟೇ ಅದು ಎಣಿಸೋದು."

ಆ ಮಾತು ರಾತ್ರಿ ನಿದ್ದೆ ಕೆಡಿಸಿತು. ಇಪ್ಪತ್ತೇಳು ವರ್ಷದಿಂದ ನಾನು ಯಾರನ್ನು ಎಣಿಸಿಕೊಂಡು ಪಾಠ ಮಾಡಿದ್ದೆ? ಮುಂದಿನ ಬೆಂಚಿನ ನಾಲ್ಕು ಮಕ್ಕಳನ್ನು. ಅವರು ತಲೆಯಾಡಿಸಿದರೆ ತರಗತಿಗೇ ಅರ್ಥವಾಯಿತೆಂದು ಮುಂದಕ್ಕೆ ಹೋಗುತ್ತಿದ್ದೆ. ಕಿಟಕಿ ಪಕ್ಕದ ಕೊನೆಯ ಬೆಂಚಿನ ಹುಡುಗಿಯೊಬ್ಬಳ ನೋಟ್ಸು ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು. ಸೋಮಾರಿ ಎಂದು ಎಲ್ಲರೆದುರಿಗೇ ಗದರಿದ್ದೂ ಉಂಟು.

ರಜೆ ಮುಗಿದ ಮೊದಲ ದಿನ ನೇರ ಅವಳ ಪಕ್ಕ ಹೋಗಿ ಕೂತೆ. "ಯಾಕಮ್ಮ, ಪೂರ್ತಿ ಬರೆಯೋದಿಲ್ಲ?"

ಅವಳು ತಲೆ ತಗ್ಗಿಸಿಯೇ ಹೇಳಿದಳು: "ಬೋರ್ಡಿನ ಕೆಳಗಡೆ ಬರೆದದ್ದು ಇಲ್ಲಿಗೆ ಕಾಣ್ಸೋದಿಲ್ಲ ಮಿಸ್. ಮುಂದಿನವರ ತಲೆ ಅಡ್ಡ ಬರುತ್ತೆ."

ಅಲ್ಲೇ ಕೂತು ನಾನೂ ನೋಡಿದೆ. ನಿಜಕ್ಕೂ ಕಾಣುತ್ತಿರಲಿಲ್ಲ.

ಈಗ ಬೋರ್ಡಿನ ಮೇಲರ್ಧದಲ್ಲಷ್ಟೇ ಬರೆಯುತ್ತೇನೆ. ಮೊದಲ ಪ್ರಶ್ನೆ ಕೊನೆಯ ಬೆಂಚಿಗೆ. ಪಾಠ ಅದೇ, ಪುಸ್ತಕವೂ ಅದೇ. ಅವಳ ನೋಟ್ಸು ಮಾತ್ರ ಈಗ ಪೂರ್ತಿಯಾಗಿರುತ್ತದೆ.